ಬಹುದಿತ್ತು

"ವುಡ್ ಯೂ ಮೈಂಡ್ ಓಪನಿಂಗ್ ದ ವಿಂಡೋ?" ಎಂದು ಕೇಳಿದೆ. ಆಕೆ ತಟ್ಟನೆ ಎದ್ದು, "ಯೆಸ್ ಮಿಸ್" ಎಂದು ಗಟ್ಟಿಯಾಗಿ ಹೇಳಿ, ಕಿಟಕಿ ತೆರೆದು ಬಂದು ಕೂತರು. ಉಳಿದ ಐವರು ಚಪ್ಪಾಳೆ ತಟ್ಟುವುದೊಂದು ಬಾಕಿ.

"ಕಿಟಕಿ ತೆರೆದದ್ದು ಸರಿ. ಆದರೆ ಬಾಯಲ್ಲಿ ನೀವು ಹೇಳಿದ್ದು, 'ಹೌದು, ನನಗೆ ಬೇಜಾರಿದೆ, ತೆರೆಯೋದಿಲ್ಲ' ಅಂತ. ಇಲ್ಲಿ 'ನೋ' ಅನ್ನಬೇಕು. ನನಗೇನೂ ಬೇಜಾರಿಲ್ಲ ಅಂತ ಅರ್ಥ" ಎಂದೆ.

ಆಕೆ ಒಂದು ಗಳಿಗೆ ಯೋಚಿಸಿ, "ಅಂದರೆ ಹೂಂ ಅಂದರೆ ಇಲ್ಲ, ಇಲ್ಲ ಅಂದರೆ ಹೂಂ. ಇದು ಥೇಟ್ ನಮ್ಮತ್ತೆ ಮಾತಾಡಿದ ಹಾಗೇ ಇದೆಯಲ್ಲ ಮಿಸ್!" ಎಂದರು. ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದ ನಮ್ಮತ್ತೆಯೂ ನಕ್ಕರು.

ಇದು 1996ರ ಮಾತು. ನಮ್ಮ ಮನೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಅಕ್ಬರ್ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ. ಮಂಡಿ ಎಂದರೆ ಸಗಟು ವ್ಯಾಪಾರದ ಜಾಗ. ಬೆಳಗಾಗೆದ್ದರೆ ಮೂಟೆ ಇಳಿಸುವವರ ಕೂಗು, ಕೈಗಾಡಿಗಳ ಸದ್ದು, ಮಸೀದಿಯ ಆಜಾನ್, ಗುಡಿಯ ಗಂಟೆ. ವ್ಯಾಪಾರದ ಹೊತ್ತಿನಲ್ಲಿ ಇಲ್ಲಿ "ಬೇಕಾ, ಬೇಡವಾ?" ಎರಡೇ ಮಾತು. ಇಂಥ ಜಾಗದಲ್ಲಿ ಕೂತು ನಾನು ಇಂಗ್ಲಿಷಿನ ನಯವಿನಯ ಕಲಿಸುತ್ತಿದ್ದೆ ಎಂದರೆ ನಿಮಗೆ ನಗು ಬರಬಹುದು.

ಮಕ್ಕಳು ಸ್ಕೂಲಿಗೆ ಹೋಗಿ, ಗಂಡಸರು ಊಟ ಮುಗಿಸಿ ಹೊರಟ ಮೇಲೆ, ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ನಮ್ಮ ಮುಂದಿನ ಕೋಣೆಯಲ್ಲಿ ಕ್ಲಾಸು. ಆರು ಜನ ಗೃಹಿಣಿಯರು. ಒಬ್ಬರು ಬ್ಲೌಸ್ ಹೊಲಿಯುವವರು, ಒಬ್ಬರು ದಿನಸಿ ಅಂಗಡಿಯವರ ಹೆಂಡತಿ, ಒಬ್ಬರು ಪಕ್ಕದ ಮನೆಯ ಆಪಾನ ಸೊಸೆ. ಎಲ್ಲರ ಮಕ್ಕಳೂ ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಪೇರೆಂಟ್ಸ್ ಮೀಟಿಂಗಿಗೆ ಹೋದರೆ ಬಾಯಿ ಕಟ್ಟಿಹೋಗುತ್ತದೆ ಎನ್ನುವುದೇ ಎಲ್ಲರ ದೂರು. ನನ್ನ ಹತ್ತಿರ ಇದ್ದದ್ದು ಮಹಾರಾಣಿ ಕಾಲೇಜಿನ ಬಿ.ಎ. ಪದವಿ ಮತ್ತು ಬೆನ್ನು ಕಿತ್ತುಹೋದ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕ.

ನಾಮಪದ, ಸರ್ವನಾಮ ಸಲೀಸಾಗಿ ಸಾಗಿದವು. ಗಾಡಿ ಹೂತುಕೊಂಡದ್ದು ಕ್ಯಾನ್, ಕುಡ್, ವಿಲ್, ವುಡ್, ಮೇ, ಮೈಟ್, ಮಸ್ಟ್ ಎನ್ನುವ ಸಣ್ಣ ಸಣ್ಣ ಸಹಾಯಕ ಕ್ರಿಯಾಪದಗಳಲ್ಲಿ. ನೋಡಲು ಸಾಸಿವೆಯಷ್ಟು, ಒಗ್ಗರಣೆ ಕೆಟ್ಟರೆ ಮಾತ್ರ ಇಡೀ ಅಡುಗೆ ಕೆಟ್ಟಿತು.

ಮೊದಲ ತೊಡಕು ನಮ್ಮ "ಬೇಕು" ತಂದದ್ದು. "ನಾನು ಅಡುಗೆ ಮಾಡಬೇಕು" ಎನ್ನುವುದನ್ನು ಇಂಗ್ಲಿಷಿಗೆ ತಿರುಗಿಸಿ ಎಂದೆ. ದಿನಸಿ ಅಂಗಡಿಯವರ ಹೆಂಡತಿ "ಐ ವಾಂಟ್ ಟು ಕುಕ್" ಎಂದರು. ಅದು ಆಸೆಯ ಮಾತಾಯಿತು, ಕರ್ತವ್ಯವಾದರೆ "ಐ ಮಸ್ಟ್ ಕುಕ್" ಎನ್ನಬೇಕು ಎಂದು ತಿದ್ದಿದೆ. "ನಮ್ಮಲ್ಲಿ ಎರಡಕ್ಕೂ ಬೇಕು ಅಂತಲೇ ಅಲ್ಲವಾ ಮಿಸ್?" ಎಂದರು. ನಿಜ. ನೀರು ಬೇಕು ಎಂದರೂ ಬೇಕು, ನೀರು ಸೇದಬೇಕು ಎಂದರೂ ಬೇಕು. ಬ್ಲೌಸ್ ಹೊಲಿಯುವಾಕೆ ಸೂಜಿಯಂತೆ ಚುರುಕು. "ಅದಕ್ಕೇ ಮಿಸ್, 'ನಾನು ತೌರಿಗೆ ಹೋಗಬೇಕು' ಅಂದರೆ ಇವರು ಕೇಳ್ತಾರೆ, 'ಯಾಕೆ, ಅಲ್ಲಿ ಏನಾದರೂ ಕೆಲಸ ಇದೆಯಾ?' ಅಂತ. ಆಸೆ ಆಗಿದೆ ಅಂತ ಅವರಿಗೆ ಹೊಳೆಯೋದೇ ಇಲ್ಲ" ಎಂದರು. ಈ ಸಲ ಯಾರೂ ನಗಲಿಲ್ಲ.

ಎರಡನೆಯ ತೊಡಕು ದೊಡ್ಡದು. "ಕುಡ್" ಎನ್ನುವುದು "ಕ್ಯಾನ್"ನ ಭೂತಕಾಲ, "ವುಡ್" ಎನ್ನುವುದು "ವಿಲ್"ನದು, "ಮೈಟ್" ಎನ್ನುವುದು "ಮೇ"ದು ಎಂದು ಬೋರ್ಡಿನ ಮೇಲೆ ಸಾಲಾಗಿ ಬರೆದೆ. ಆಮೇಲೆ, "ನಯವಾಗಿ ಕೇಳಬೇಕಾದರೆ 'ಕ್ಯಾನ್ ಯೂ' ಅನ್ನೋದಕ್ಕಿಂತ 'ಕುಡ್ ಯೂ' ಒಳ್ಳೆಯದು. 'ಐ ವಾಂಟ್' ಅನ್ನೋದಕ್ಕಿಂತ 'ಐ ವುಡ್ ಲೈಕ್' ಮೇಲು" ಎಂದೆ. ಆಪಾನ ಸೊಸೆ ಮೆಲ್ಲಗೆ ಕೈ ಎತ್ತಿದಳು. "ನೀರು ಬೇಕಾಗಿರೋದು ಈಗ. ಮತ್ತೆ ಹಿಂದಿನ ಕಾಲ ಯಾಕೆ ಹಾಕಬೇಕು ಮಿಸ್?"

ನನ್ನ ಬಳಿ ಉತ್ತರ ಇರಲಿಲ್ಲ. ಗುರುಗಳು ಇಂಥ ಹೊತ್ತಿನಲ್ಲಿ ಏನು ಹೇಳುತ್ತಾರೋ ಅದನ್ನೇ ಹೇಳಿದೆ: "ನಾಳೆ ನೋಡೋಣ."

ಮಾರನೆಯ ಬೆಳಿಗ್ಗೆ ಅಂಗಡಿಗೆ ಹೋದೆ. "ಅರ್ಧ ಕೆ.ಜಿ. ತೊಗರಿಬೇಳೆ ಬೇಕಿತ್ತು" ಎಂದೆ. ಎಂದವಳೇ ನಿಂತುಬಿಟ್ಟೆ. ಬೇಕಿತ್ತು! ಬೇಳೆ ನನಗೆ ನಿನ್ನೆ ಬೇಕಿತ್ತೇ? ಈಗ, ಈ ಕ್ಷಣ ಬೇಕು, ಒಲೆಯ ಮೇಲೆ ನೀರು ಕುದಿಯುತ್ತಿದೆ. ಆದರೂ ಬಾಯಿಗೆ ಬಂದದ್ದು ಹಿಂದಿನ ಕಾಲ. ಮನೆಗೆ ಬಂದರೆ ಬಾಗಿಲಲ್ಲಿ ಆಪಾ, ಕೈಯಲ್ಲಿ ಲೋಟ. "ಥೋಡಿ ಶಕ್ಕರ್ ಹೋನಾ ಥಾ" ಎಂದರು. ಅವರ ಸಕ್ಕರೆಯೂ ಹಿಂದಿನ ಕಾಲದಲ್ಲೇ! ಒಂದೇ ಗಲ್ಲಿಯಲ್ಲಿ ಕನ್ನಡ, ಉರ್ದು ಎರಡೂ ನನಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಟ್ಟವು.

ಮಧ್ಯಾಹ್ನದ ಕ್ಲಾಸು ಸಂತೆಯಾಯಿತು. ಒಬ್ಬೊಬ್ಬರೂ ತಮಗೆ ನೆನಪಾದದ್ದನ್ನು ಹೇಳತೊಡಗಿದರು. ಡಾಕ್ಟರ ಶಾಪಿನಲ್ಲಿ, "ಡಾಕ್ಟರನ್ನ ನೋಡಬೇಕಿತ್ತು." ದೊಡ್ಡವರ ಮುಂದೆ, "ನಿಮ್ಮ ಹತ್ತಿರ ಒಂದು ಮಾತು ಹೇಳಬೇಕಾಗಿತ್ತು." ನೆಂಟರು ಚಪ್ಪಲಿ ಮೆಟ್ಟಿಕೊಂಡು ಹೊರಟು ನಿಂತಾಗ, "ಊಟ ಮಾಡಿಕೊಂಡೇ ಹೋಗಬಹುದಿತ್ತು." ಇದನ್ನು ಹೇಳಿದ ಹೊಲಿಗೆಯಾಕೆ, "ಮಿಸ್, ಒಳಗೆ ಅನ್ನ ಇಲ್ಲದೆ ಇದ್ದಾಗ ಇನ್ನೂ ಒತ್ತಿ ಹೇಳ್ತೀವಿ" ಎಂದು ಸೇರಿಸಿದರು.

ನೀವೇ ಯೋಚಿಸಿ ನೋಡಿ. ನಮ್ಮ ಮನೆಗಳಲ್ಲಿ "ದಯವಿಟ್ಟು" ಎಂದು ಯಾರಾದರೂ ಹೇಳುತ್ತಾರೆಯೇ? ಅದು "ದಯವಿಟ್ಟು ಚಪ್ಪಲಿ ಹೊರಗೆ ಬಿಡಿ" ಎನ್ನುವ ಬೋರ್ಡಿನ ಭಾಷೆ. ಗಂಡನಿಗೆ "ದಯವಿಟ್ಟು ಹಾಲು ತನ್ನಿ" ಎಂದರೆ ಜಗಳವಾಡುತ್ತಿದ್ದಾಳೆ ಎಂದುಕೊಂಡಾರು. ನಮ್ಮ ವಿನಯವೆಲ್ಲ ಕ್ರಿಯಾಪದದ ಬಾಲದಲ್ಲಿದೆ. "ಕೊಡು" ಎನ್ನುವುದು "ಕೊಡಿ" ಆಗುತ್ತದೆ, "ಕೊಡ್ತೀರಾ" ಆಗುತ್ತದೆ, "ಒಂಚೂರು ಕೊಡೋಕಾಗುತ್ತಾ" ಆಗುತ್ತದೆ. ಅದಕ್ಕೂ ಸಂಕೋಚವಾದರೆ "ಕೊಟ್ಟಿದ್ದರೆ ಚೆನ್ನಾಗಿತ್ತು" ಎಂದು ಹಿಂದಿನ ಕಾಲಕ್ಕೆ ಸರಿದು ನಿಲ್ಲುತ್ತದೆ. ಕೇಳಿದವರು ಇಲ್ಲ ಎಂದರೂ ಯಾರ ಮುಖವೂ ಕೆಡುವುದಿಲ್ಲ. ಹೇಗೂ ಮುಗಿದುಹೋದ ಆಸೆ ತಾನೆ!

ನಮ್ಮ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದೊಂದು ರೂಪವಿದೆ. "ಬಂದನು" ಎಂದರೆ ಬಂದಾಯಿತು. ಒಂದು ದೀರ್ಘ ಎಳೆದು "ಬಂದಾನು" ಎಂದರೆ ಬಂದರೂ ಬರಬಹುದು. ಓಡುವ ಮಗುವಿಗೆ "ಹುಷಾರು, ಬಿದ್ದೀಯ" ಎನ್ನುತ್ತೇವಲ್ಲ, ಅದೂ ಇದೇ. ಆದದ್ದರ ಬೇರಿನಿಂದಲೇ ಆಗಬಹುದಾದದ್ದು ಚಿಗುರಿದೆ. "ಬಂದರೆ" ಎನ್ನುವ ರೂಪವೂ ಅಲ್ಲಿಂದಲೇ. ಸಾವಿರಾರು ಮೈಲಿ ದೂರದ ಇಂಗ್ಲಿಷಿನವರು "ಮೈಟ್" ಎಂದು ಮಾಡಿಕೊಂಡದ್ದನ್ನೇ ನಮ್ಮವರು ತಮ್ಮ ಪಾಡಿಗೆ ತಾವು ಮಾಡಿಕೊಂಡಿದ್ದಾರೆ. "ವಿಲ್" ಎನ್ನುವ ಮಾತಿಗೆ ಹಳೆಯ ಇಂಗ್ಲಿಷಿನಲ್ಲಿ ಇಚ್ಛಿಸುವುದು ಎಂದೇ ಅರ್ಥವಿತ್ತಂತೆ. ಹಾಗಾದರೆ "ವುಡ್" ಎಂದರೆ ಒಂದು ಕಾಲಕ್ಕೆ ಇಚ್ಛಿಸಿದ್ದೆ ಎಂದಾಯಿತು. ನಮ್ಮ "ಬೇಕಿತ್ತು"ವಿನ ಅಕ್ಕನೋ ತಂಗಿಯೋ ಇರಬೇಕು.

ಒಂದು ವ್ಯತ್ಯಾಸ ಮಾತ್ರ ಇದೆ, ಅದೇ ಮುಖ್ಯ. ಇಂಗ್ಲಿಷಿನಲ್ಲಿ ಈಗ ಹೋಗೋಣವೇ ಎಂದು ಮೆಲ್ಲಗೆ ಕೇಳುವುದಕ್ಕೆ "ವಿ ಕುಡ್ ಗೋ." ಹೋಗುವ ಅವಕಾಶ ತಪ್ಪಿತು ಎಂದು ಕೊರಗುವುದಕ್ಕೆ "ವಿ ಕುಡ್ ಹ್ಯಾವ್ ಗಾನ್." ಎರಡಕ್ಕೂ ಬೇರೆ ಬೇರೆ ಪಾತ್ರೆ. ನಮ್ಮ ಆಡುಮಾತಿನಲ್ಲಿ ಎರಡಕ್ಕೂ "ಹೋಗಬಹುದಿತ್ತು" ಎಂದರೆ ಸಾಕು. ಹೇಳಿದವಳು ಕೊರಗುತ್ತಿದ್ದಾಳೋ ಕೇಳುತ್ತಿದ್ದಾಳೋ ಎನ್ನುವುದನ್ನು ಕೇಳುವ ಕಿವಿಯೇ ಹುಡುಕಿಕೊಳ್ಳಬೇಕು.

ಇದನ್ನು ಬೋರ್ಡಿನ ಮೇಲೆ ಬರೆಯುತ್ತಿರುವಾಗ ನನಗೆ 1983ರ ಒಂದು ಭಾನುವಾರ ನೆನಪಾಯಿತು. ಆಗ ಮದುವೆಯಾಗಿ ಮೂರು ವರ್ಷ. ಗಂಗೋತ್ರಿಯಲ್ಲಿ ಎಂ.ಎ. ಅರ್ಜಿ ಕರೆದಿದ್ದಾರೆ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಎರಡು ದಿನ ಮಾತು ಕೂಡಿಸಿಕೊಂಡು, ಕಾಫಿ ಲೋಟ ಇವರ ಮುಂದಿಟ್ಟು, "ನಾನೂ ಎಂ.ಎ. ಮಾಡಬಹುದಿತ್ತು" ಎಂದೆ. ಇವರು ಪೇಪರಿನಿಂದ ತಲೆ ಎತ್ತಿ, ಮನಃಪೂರ್ವಕವಾಗಿಯೇ, "ಹೌದು, ಮಾಡಬಹುದಿತ್ತು" ಎಂದರು. ಪುಟ ತಿರುವಿದರು. ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ. ಅಷ್ಟೇ ನಡೆದದ್ದು. ಹದಿಮೂರು ವರ್ಷ ನಾನು ಅದನ್ನು "ಇವರು ಒಪ್ಪಲಿಲ್ಲ" ಎಂದೇ ಮನಸ್ಸಿನಲ್ಲಿಟ್ಟುಕೊಂಡಿದ್ದೆ.

ಆ ದಿನ ಕ್ಲಾಸು ಮುಗಿದು ಎಲ್ಲರೂ ಹೊರಟ ಮೇಲೆ ಅತ್ತೆ ಕೇಳಿದರು. "ದಿನಾ ಮಧ್ಯಾಹ್ನ ಅದೇನೇ ಅದು, ಕುಡ್ ಕುಡ್ ಅಂತ ಎಲ್ಲರ ಕೈಲೂ ಹೇಳಿಸ್ತೀಯ? ಏನು ಕುಡಿಸ್ತೀಯ ಅವರಿಗೆ?"

ನಾನು ನಗುತ್ತಾ, "ಕುಡಿಯೋದಲ್ಲ ಅತ್ತೆ. ನಯವಾಗಿ ಕೇಳೋ ಮಾತು ಅದು. ನಾವು 'ಬಹುದಿತ್ತು' ಅಂತೀವಲ್ಲ, ಹಾಗೆ" ಎಂದೆ.

ಅತ್ತೆ ದಾರ ಎಳೆದು ಗಂಟು ಹಾಕಿದರು. "ಹಾಗಾದರೆ ನಾನೂ ಇಂಗ್ಲಿಷೇ ಮಾತಾಡ್ತಿದ್ದೀನಿ ಅನ್ನು. ಕಣ್ಣು ಒಂದು ಸಲ ತೋರಿಸಬಹುದಿತ್ತು ಅಂತ ಎರಡು ವರ್ಷದಿಂದ ಕುಡ್ ಕುಡ್ ಅಂತಲೇ ಇದ್ದೀನಿ."

ಅವರ ದನಿಯಲ್ಲಿ ಕೋಪವಿರಲಿಲ್ಲ. ತಮಾಷೆಗೆಂದೇ ಹೇಳಿದರು. ಆದರೆ ನನಗೆ ಕೂತಲ್ಲಿಂದ ಏಳಲು ಆಗಲಿಲ್ಲ. ಹೌದು, ಹೇಳಿದ್ದರು. ಸಂಕ್ರಾಂತಿಯ ಎಳ್ಳು ಹುರಿಯುವಾಗ ಹೇಳಿದ್ದರು. ಅಕ್ಕಿಯಲ್ಲಿ ಕಲ್ಲು ಸಿಕ್ಕಿ ಇವರು ಊಟದ ಮಧ್ಯೆ ಎದ್ದ ದಿನ ಹೇಳಿದ್ದರು. ಅಕ್ಕಿ ಆರಿಸಿದ್ದು ಅವರು, ಬೈಸಿಕೊಂಡದ್ದು ನಾನು. ಆ ಸಿಟ್ಟಿನಲ್ಲಿ, "ಹೌದು, ಆವಾಗಲೇ ತೋರಿಸಬಹುದಿತ್ತು" ಎಂದು ನಾನೂ ಅಂದಿದ್ದೆ. ಇವರು ಪುಟ ತಿರುವಿದ ಹಾಗೆ ನಾನೂ ತಟ್ಟೆ ತೊಳೆದಿದ್ದೆ.

ದಿನಾ ಹೂವು ಕಟ್ಟುತ್ತಾರೆ, ಕಣ್ಣು ಚೆನ್ನಾಗಿಯೇ ಇದೆ ಎಂದು ಮನೆಯವರ ಎಣಿಕೆ. ಮಲ್ಲಿಗೆ ಕಟ್ಟುವುದಕ್ಕೆ ಕಣ್ಣು ಬೇಡ, ಬೆರಳು ಸಾಕು ಎನ್ನುವುದು ಅಷ್ಟು ವರ್ಷ ಜೊತೆಯಲ್ಲಿ ಕೂತು ಕಟ್ಟಿದ ನನಗೇ ಹೊಳೆದಿರಲಿಲ್ಲ. ಗಲ್ಲಿಯಲ್ಲಿ ಬಂದವರನ್ನು ಅವರು ದನಿಯಿಂದ ಗುರುತು ಹಿಡಿಯುತ್ತಿದ್ದರು. ಬಲಗಡೆಯಿಂದ ಲೋಟ ಕೊಟ್ಟರೆ ಮಾತ್ರ ಕೈ ಚಾಚುತ್ತಿದ್ದರು. ಅದನ್ನೆಲ್ಲ ನೋಡಿದ್ದೆ, ಕೂಡಿಸಿ ನೋಡಿರಲಿಲ್ಲ.

ಮಾರನೆಯ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಬಲಗಣ್ಣಿನಲ್ಲಿ ಪೊರೆ. ಅದು ಬಲಿತಿದ್ದರೂ ತೆಗೆದು ಒಳಗೆ ಮಸೂರ ಕೂರಿಸಿದರೆ ನೋಟ ಬರುತ್ತದೆ ಎಂದರು. ಎಡಗಣ್ಣಿನ ಕಥೆ ಬೇರೆ. ಅಲ್ಲಿ ಕಣ್ಣಿನೊಳಗಿನ ಒತ್ತಡ ಏರಿ ನರ ಬತ್ತಿಹೋಗಿತ್ತು. ಗ್ಲಾಕೋಮಾ ಎಂದರು. ನೋವಿಲ್ಲದೆ, ಸುತ್ತಿನಿಂದ ಒಳಕ್ಕೆ ನೋಟವನ್ನು ನುಂಗುತ್ತಾ ಬರುತ್ತದಂತೆ. ಔಷಧಿ ಹಾಕಿದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ. ಡಾಕ್ಟರು ಚೀಟಿ ಬರೆಯುತ್ತಾ, "ಎರಡು ವರ್ಷ ಮೊದಲೇ ಬಂದಿದ್ದರೆ ಈ ಕಣ್ಣನ್ನೂ ಉಳಿಸಿಕೊಳ್ಳಬಹುದಿತ್ತು" ಎಂದರು.

ಆ "ಬಹುದಿತ್ತು" ಕೋರಿಕೆಯಲ್ಲ. ಅದು ನಿಜವಾದ ಭೂತಕಾಲ.

ಬಲಗಣ್ಣಿನ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದ ಕೆಲವು ದಿನದ ಮೇಲೆ ಅತ್ತೆ ನನ್ನನ್ನು ದಿಟ್ಟಿಸಿ, "ಏನೇ, ಇಷ್ಟೊಂದು ಕೂದಲು ನೆರೆತಿದೆ ನಿನಗೆ!" ಎಂದರು. ಅಕ್ಕಿಯ ಮೊರ ಮತ್ತೆ ಅವರ ಕೈಗೆ ಹೋಯಿತು. ಎಡಗಡೆಯಿಂದ ಯಾರಾದರೂ ಬಂದರೆ ಮಾತ್ರ ಬೆಚ್ಚುತ್ತಿದ್ದರು. ತೀರಿಕೊಳ್ಳುವವರೆಗೂ ಹಾಗೇ. ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ಮುಂದಿನ ವರ್ಷ, ಅಂದರೆ 1997ರಲ್ಲಿ, ಒಂದು ಬೆಳಿಗ್ಗೆ ಕಾಫಿ ಲೋಟ ಇವರ ಮುಂದಿಟ್ಟು ನಿಂತೆ. ಮೈಸೂರಿನಲ್ಲಿ ಮುಕ್ತ ವಿಶ್ವವಿದ್ಯಾನಿಲಯ ಶುರುವಾಗಿ ಆಗ ಒಂದು ವರ್ಷವಾಗಿತ್ತು. "ನಾನು ಎಂ.ಎ. ಕಟ್ಟುತ್ತೇನೆ. ಫೀಜಿಗೆ ದುಡ್ಡು ಬೇಕು" ಎಂದೆ. ಬೇಕಿತ್ತು ಅಲ್ಲ, ಬೇಕು. ಇವರು ಪೇಪರ್ ಮಡಿಸಿ, "ಕಟ್ಟು. ಬೇಡ ಅಂದವರು ಯಾರು? ನೀನು ಯಾವತ್ತೂ ಕೇಳಲೇ ಇಲ್ಲವಲ್ಲ" ಎಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಾನು ಕೇಳಿದ್ದೆ ಎನ್ನುವುದು ಎಷ್ಟು ನಿಜವೋ, ಅವರಿಗೆ ಕೇಳಿಸಲಿಲ್ಲ ಎನ್ನುವುದೂ ಅಷ್ಟೇ ನಿಜ. ಅತ್ತೆಯ ವಿಷಯದಲ್ಲಿ ನಾನು ಇದ್ದದ್ದು ಅವರ ಜಾಗದಲ್ಲೇ ತಾನೆ.

ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ಎರಡು ಪುಸ್ತಕ ಸಿಕ್ಕವು. ಅಮೆರಿಕದ ರಾಬಿನ್ ಲೇಕಾಫ್ ಎನ್ನುವವರು 1975ರಲ್ಲಿ ಹೆಂಗಸರ ಮಾತಿನ ಬಗ್ಗೆ ಬರೆದದ್ದು ಒಂದು. ಹೆಂಗಸರು ತಮ್ಮ ಮಾತನ್ನು ನೆಟ್ಟಗೆ ಇಡದೆ ಅನುಮಾನದಲ್ಲಿ, ಪ್ರಶ್ನೆಯಲ್ಲಿ ಸುತ್ತಿ ಇಡುತ್ತಾರೆ, ಹಾಗೆ ಇಡುವುದನ್ನು ಸಮಾಜವೇ ಅವರಿಗೆ ಕಲಿಸಿರುತ್ತದೆ ಎನ್ನುವುದು ಅದರ ವಾದ. ಪೆನೆಲೊಪಿ ಬ್ರೌನ್, ಸ್ಟೀಫನ್ ಲೆವಿನ್ಸನ್ ಇಬ್ಬರೂ ಸೇರಿ ವಿನಯದ ಬಗ್ಗೆ ಬರೆದದ್ದು ಇನ್ನೊಂದು. 1987ರಲ್ಲಿ ಪುಸ್ತಕವಾಗಿ ಬಂದದ್ದು. ಅವರು ಹೋಲಿಸಿದ್ದು ಮೂರು ಭಾಷೆಗಳನ್ನು: ಇಂಗ್ಲಿಷ್, ಮೆಕ್ಸಿಕೋದ ತ್ಸೆಲ್ತಾಲ್, ಮತ್ತೆ ನಮ್ಮ ಪಕ್ಕದ ಕೊಯಮತ್ತೂರು ಸೀಮೆಯ ಹಳ್ಳಿಯ ತಮಿಳು. ಕೇಳುವವರ ಮೇಲೆ ಭಾರ ಬೀಳದಂತೆ ಕೋರಿಕೆಯನ್ನು ದೂರ ಸರಿಸಿ ಇಡುವುದು ಎಲ್ಲ ಕಡೆಯೂ ಇದೆ, ಹಾಗೆ ಸರಿಸುವ ಒಂದು ದಾರಿ ಭೂತಕಾಲ ಎಂದು ಅವರು ತೋರಿಸಿದ್ದರು. ಓದುತ್ತಾ ನನಗೆ ಕಣ್ಣ ಮುಂದೆ ಬಂದದ್ದು ಸಕ್ಕರೆಯ ಲೋಟ ಹಿಡಿದು ನಿಂತ ಆಪಾ, ಹೂವಿನ ದಾರ ಹಿಡಿದು ಕೂತ ಅತ್ತೆ.

ಹಾಗೆಂದು ವಿನಯ ಬಿಟ್ಟುಬಿಡಿ, ನೇರವಾಗಿ "ಬೇಕು" ಎನ್ನಿ ಎಂದು ನನ್ನ ವಿದ್ಯಾರ್ಥಿನಿಯರಿಗೆ ನಾನು ಹೇಳಲಿಲ್ಲ. "ಬೇಕಿತ್ತು" ಎನ್ನುವುದರಲ್ಲಿ ಒಂದು ಮರ್ಯಾದೆ ಇದೆ, ಎದುರಿನವರಿಗೆ ಇಲ್ಲ ಎನ್ನುವ ಸ್ವಾತಂತ್ರ್ಯ ಕೊಡುವ ದೊಡ್ಡತನವಿದೆ. ಅಂಗಡಿಯಲ್ಲಿ, ಆಫೀಸಿನಲ್ಲಿ, ಸ್ಕೂಲಿನಲ್ಲಿ ಅದು ಇರಲಿ. ಆದರೆ ಮೈಗೆ ನೋವಾದಾಗ, ಕಣ್ಣು ಮಂಜಾದಾಗ, ಬದುಕಿನ ಒಂದು ದೊಡ್ಡ ಆಸೆ ಹೇಳಿಕೊಳ್ಳುವಾಗ, ಮೂರು ಸಲ ನಯವಾಗಿ ಹೇಳಿ ನಾಲ್ಕನೆಯ ಸಲ ವರ್ತಮಾನ ಕಾಲದಲ್ಲಿ ಹೇಳಿಬಿಡಿ ಎಂದೆ. ಮತ್ತೆ ಇನ್ನೊಂದು ಹೇಳಿದೆ. ನಿಮ್ಮ ಎದುರಿಗೆ ಯಾರಾದರೂ "ಬಹುದಿತ್ತು" ಎಂದರೆ "ಹೌದು" ಎಂದು ಸುಮ್ಮನಾಗಬೇಡಿ, "ಯಾವಾಗ?" ಎಂದು ಕೇಳಿ. ಕೊರಗಿನ ಮಾತಾಗಿದ್ದರೆ ಅವರೇ "ಅಯ್ಯೋ, ಮುಗಿದುಹೋದ ಮಾತು ಬಿಡು" ಎನ್ನುತ್ತಾರೆ. ಕೋರಿಕೆಯಾಗಿದ್ದರೆ ದಿನ ಹೇಳುತ್ತಾರೆ. ಹೊಲಿಗೆಯಾಕೆ ಇದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು, "ಇದನ್ನ ಇವರಿಗೂ ತೋರಿಸ್ತೀನಿ ಮಿಸ್" ಎಂದರು. ತೋರಿಸಿದರೋ ಇಲ್ಲವೋ, ಆ ಬೇಸಿಗೆಯಲ್ಲಿ ಹದಿನೈದು ದಿನ ತೌರಿಗೆಂದು ಕ್ಲಾಸಿಗೆ ಬರಲಿಲ್ಲ.

ಈಗ ಕ್ಲಾಸು ಇಲ್ಲ. ಮೊನ್ನೆ ಪುಣೆಯಿಂದ ಮಗಳು ಫೋನು ಮಾಡಿದ್ದಳು. ಅವಳ ಆಫೀಸು, ಮೊಮ್ಮಗನ ಪರೀಕ್ಷೆ, ಅಡುಗೆಯವಳು ಕೈಕೊಟ್ಟದ್ದು ಎಲ್ಲ ಹೇಳಿ ಮುಗಿಸಿ, ಫೋನು ಇಡುವ ಹೊತ್ತಿಗೆ, "ನೀನು ನಾಲ್ಕು ದಿನ ಇಲ್ಲಿ ಬಂದು ಇರಬಹುದಿತ್ತಮ್ಮ" ಎಂದಳು. "ಬರಬಹುದಿತ್ತು, ನಿಮ್ಮಪ್ಪನಿಗೆ ಮಂಡಿನೋವು ನೋಡು" ಎನ್ನುವ ಮಾತು ನನ್ನ ಬಾಯಿಯವರೆಗೂ ಬಂದಿತ್ತು. ನುಂಗಿಕೊಂಡು, "ಯಾವಾಗ ಬರಲಿ?" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೂಗು ಎಳೆದುಕೊಂಡ ಸದ್ದು. "ನಾಳೆ ಬರ್ತೀಯಾಮ್ಮ?" ಎಂದಳು.